ಹಮಾಗಿಕುವಿನ ಬಿಸಿ ಹೊಟ್ಟೆ

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಗೆಣಸು ತಿಂದವಳಂತೂ ನಾನೇ.

ಕ್ಯೂಶು ದ್ವೀಪದ ನಮ್ಮ ಬಂದರಿನಲ್ಲಿ ಅಲೆ ತಡೆಯುವ ಗೋಡೆಯೆಂದರೆ ಹಮಾಗಿಕು ಎಂಬ ಹಳೆಯ ಡೆಸ್ಟ್ರಾಯರ್ ಹಡಗು. ಮೊದಲ ಮಹಾಯುದ್ಧದಲ್ಲಿ ಮೆಡಿಟರೇನಿಯನ್‌ವರೆಗೂ ಹೋಗಿ, ಮುಳುಗುತ್ತಿದ್ದವರನ್ನು ಎತ್ತಿಕೊಂಡ ಗಟ್ಟಿಗಿತ್ತಿ. ಮುದಿಯಾದ ಮೇಲೆ ಬಾಯ್ಲರ್ ಕಿತ್ತು, ಹೊಟ್ಟೆಗೆ ಕಲ್ಲು ತುಂಬಿ ಇಲ್ಲಿ ಕೂರಿಸಿದರು.

ನಮ್ಮ ಮಾವ ತೋಕುಜಿ ಅದರ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ನೀರಿನಿಂದ ಎತ್ತಿದವರನ್ನು ಬೆಂಕಿಯ ಪಕ್ಕ ಕೂರಿಸಿ, ಬೂದಿಯಲ್ಲಿ ಗೆಣಸು ಸುಟ್ಟು ಕೊಡುತ್ತಿದ್ದರಂತೆ. ಬಾಯ್ಲರ್ ಇದ್ದ ಕಡೆ ಇವತ್ತಿಗೂ ಹಿಮ ನಿಲ್ಲುವುದಿಲ್ಲ. ಹಿಮ ಬಿದ್ದಾಗೆಲ್ಲ ಮಾವ ಹೋಗಿ ಆ ಕಬ್ಬಿಣವನ್ನು ತಟ್ಟಿ, ಒಳಗೆ ಇನ್ನೂ ಯಾರೋ ಬೆಂಕಿ ಉರಿಸುತ್ತಿರುವ ಹಾಗೆ, “ಲೇ, ಇಷ್ಟೊಂದು ಬೆಂಕಿ ಯಾಕ್ರೋ? ಕಲ್ಲಿದ್ದಲು ನಿಮ್ಮಪ್ಪ ತಂದ್ಕೊಡ್ತಾನಾ?” ಎಂದು ಬೈದು ಬರುತ್ತಿದ್ದರು.

“ಹೆಂಡ್ತಿ ಹಾಸಿಗೆ ತಣ್ಣಗಿದ್ರೂ ಚಿಂತೆಯಿಲ್ಲ, ಹಡಗು ಬೆಚ್ಚಗಿರ್ಬೇಕು ಈ ಮುದುಕಂಗೆ,” ಎಂದು ಅತ್ತೆ ಗೊಣಗುತ್ತಿದ್ದರು.

ಮಾವ ತೀರಿಕೊಂಡ ವರ್ಷ, ಮೊದಲ ಹಿಮ ಬಿದ್ದ ಮಧ್ಯಾಹ್ನ ಅತ್ತೆ ನನ್ನ ಕೈಗೆ ಹಸಿ ಗೆಣಸೊಂದನ್ನು ಕೊಟ್ಟು, “ಅವ್ರ ಹೆಸರಲ್ಲಿ ಅಲ್ಲಿಟ್ಟು ಬಾರಮ್ಮ,” ಅಂದರು.

ಕಬ್ಬಿಣ ಬೆಚ್ಚಗಿತ್ತು. ತಮಾಷೆಗೆ ಮಾವನ ಹಾಗೇ ತಟ್ಟಿ, ಅವರದೇ ಬೈಗುಳ ಬೈದೆ. ಅಂಗೈ ಕೆಳಗೇ ಅದು ಸರ್ರನೆ ತಣ್ಣಗಾಯಿತು! ಥಟ್ಟನೆ ಕೈ ಹಿಂದೆ ತೆಗೆದೆ. ಆದರೂ ಯಾಕೋ ಪಾಪ ಅನ್ನಿಸಿ, “ಇರ್ಲಿ ಬಿಡಿ, ಗೆಣಸು ಬೇಯೋವಷ್ಟು ಕಲ್ಲಿದ್ದಲು ಹಾಕಿ,” ಎಂದು ಗೆಣಸಿಟ್ಟು ಬಂದೆ.

ಸಂಜೆ ಹೋಗಿ ನೋಡಿದರೆ ಗೆಣಸು ಬೆಂದಿತ್ತು. ಸಿಪ್ಪೆಗೆಲ್ಲ ಬೂದಿ ಮೆತ್ತಿತ್ತು. ಮನೆಗೆ ತಂದು ಕೊಟ್ಟೆ. ಅತ್ತೆ ಬೂದಿ ಊದಿ, ತಿರುಗಿಸಿ ನೋಡಿ, ಅರ್ಧ ಮುರಿದು ನನಗಿತ್ತರು.

“ಒಂದು ಮಗ್ಗುಲು ಕರಕಲು,” ಅಂದರು. “ಸತ್ತ ಮೇಲೂ ತಿರುವಿ ಹಾಕೋದು ಕಲೀಲಿಲ್ಲ ನೋಡು ಈ ಮುದುಕ.”