ನಾಲ್ಕು ಸೆಕೆಂಡಿನ ಒಪ್ಪಿಗೆ

"ಯಾರ್ರೀ ನೀವು? ಇಳೀರಿ ಕೆಳಗೆ!"

ಏಣಿಯ ಮೇಲಿದ್ದವನು ಬೆಚ್ಚಿ ತಿರುಗಿದ. ಬಾಗಿಲಲ್ಲಿ ನಾಗರತ್ನಾ ನಿಂತಿದ್ದಳು. ಹಲಸೂರಿನ ಆ ಅನುದಾನಿತ ಪ್ರೌಢಶಾಲೆಯ ವಿಜ್ಞಾನ ಟೀಚರ್. ಕಂಕುಳಲ್ಲಿ ಹಾಜರಿ ಪುಸ್ತಕ, ಕಣ್ಣಲ್ಲಿ ಕೆಂಡ!

"ಭೀಮೇಶ್ ಅಂತ ಮೇಡಂ. ಸ್ಮಾರ್ಟ್ ಬೋರ್ಡ್ ಕಂಪನಿಯಿಂದ. ಕ್ಯಾಮೆರಾ ಹಾಕ್ತಿದ್ದೀನಿ."

"ನನ್ನ ಕ್ಲಾಸಲ್ಲಿ ಕ್ಯಾಮೆರಾನಾ? ನಾನೇನ್ ಕಳ್ಳಿನಾ?"

"ನಿಮಗಲ್ಲ, ಮಕ್ಕಳಿಗೆ. ಪಾಠ ಕೇಳ್ತಿರೋ ಮುಖಕ್ಕೆ ಹಸಿರು ಚೌಕ ಬರುತ್ತೆ, ಕೇಳದಿದ್ರೆ ಕೆಂಪು."

ಅವನು ಬೋರ್ಡ್ ಆನ್ ಮಾಡಿದ. ಪರದೆಯ ತುಂಬ ಅವಳದೇ ಸಿಟ್ಟಿನ ಮುಖ... ಸುತ್ತ ಕಡುಕೆಂಪು ಚೌಕ!

"ಅಯ್ಯೋ, ಮಿಸ್ಸೇ ಪಾಠ ಕೇಳ್ತಿಲ್ಲ!" ಬಾಗಿಲಲ್ಲಿ ಕೂಡಿದ್ದ ಮಕ್ಕಳಲ್ಲಿ ಯಾರೋ ಕೂಗಿದರು. ಹತ್ತನೇ ತರಗತಿ ಘೊಳ್ಳೆಂದು ನಕ್ಕಿತು.

ನಗಬಾರದು ಎಂದುಕೊಂಡರೂ ಅವಳ ತುಟಿ ಮಾತು ಕೇಳಲಿಲ್ಲ.

ಹೊರಡುವಾಗ ಅವನು ಗಂಭೀರನಾದ. "ಒಂದ್ ಮಾತು ಮೇಡಂ. ಪ್ರತಿ ಶನಿವಾರ ಇದು ಯಾರು ಪಾಠ ಕೇಳಿದ್ರು, ಯಾರು ನಿದ್ದೆ ಮಾಡಿದ್ರು ಅಂತ ಒಂದು ಪಟ್ಟಿ ಕೊಡುತ್ತೆ. ನೀವು ಒಪ್ಪಿಗೆ ಒತ್ತಿದ್ ಮೇಲೇ ಅಪ್ಪ ಅಮ್ಮಂದಿರಿಗೆ ಫೋನ್ ಹೋಗೋದು. ಒಂದೊಂದೇ ಹೆಸರು ನೋಡಿ ಒತ್ತಿ. ಇದಕ್ಕೆ ಮುಖ ಗೊತ್ತಾಗುತ್ತೆ ಅಷ್ಟೇ. ಮಕ್ಕಳು ಗೊತ್ತಾಗಲ್ಲ."

ಬೋರ್ಡ್ ಬಂದ ಮೇಲೆ ತರಗತಿಯ ಬಣ್ಣವೇ ಬದಲಾಯಿತು. ಪರದೆಯಲ್ಲಿ ಹೃದಯ ಮಿಡಿಯುತ್ತಾ ತಿರುಗಿದಾಗ ಕೊನೆಯ ಬೆಂಚಿನವರೂ ಮುಂದೆ ಬಂದು ಮುಟ್ಟಿ ನೋಡಿದರು. ಬೋರ್ಡ್ ಕೆಟ್ಟಾಗಲೆಲ್ಲ ಭೀಮೇಶ್ ಬರುತ್ತಿದ್ದ. ಆಮೇಲಾಮೇಲೆ ಕೆಡದಿದ್ದಾಗಲೂ ಬರತೊಡಗಿದ.

"ಇವತ್ತೇನ್ ಕೆಟ್ಟಿದೆ?"

"ಇನ್ನೂ ಗೊತ್ತಿಲ್ಲ ಮೇಡಂ... ಹುಡುಕ್ಬೇಕು."

ಹಗಲು ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವಳು ನಾಗರತ್ನಾ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಯಾವುದನ್ನೂ ತನ್ನದು ಎಂದುಕೊಳ್ಳಲು ಅವಳಿಗೆ ಹೆದರಿಕೆ. 'ನನಗೋಸ್ಕರ ಬರ್ತಾನಾ? ಛೆ... ನನ್ನ ಭ್ರಮೆ.'

ಒಂದು ಸೋಮವಾರ ಕೊನೆಯ ಬೆಂಚಿನ ಪ್ರಿಯದರ್ಶಿನಿ ಬರಲಿಲ್ಲ. ಪರದೆಯ ಬೆಳಕು ಕಣ್ಣು ಚುಚ್ಚುತ್ತದೆಂದು ಆ ಹುಡುಗಿ ಕಣ್ಣು ಮುಚ್ಚಿಕೊಂಡೇ ಪಾಠ ಕೇಳುತ್ತಿದ್ದಳು. ಯಾವ ಪ್ರಶ್ನೆ ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲಿರುತ್ತಿತ್ತು. ನಾಗರತ್ನಾಗೆ ಅದು ಚೆನ್ನಾಗಿ ಗೊತ್ತಿತ್ತು.

ಗುರುವಾರ ಆ ಹುಡುಗಿಯ ಅಪ್ಪ ಹಂಪಣ್ಣ ಟಿಸಿ ಕೇಳಲು ಬಂದ. ಯಾದಗಿರಿ ಕಡೆಯ ಗಾರೆ ಕೆಲಸದವನು.

"ನಾಲ್ಕು ವಾರ ಫೋನ್ ಬಂತ್ರಿ. ನಿಮ್ಮ ಮಗಳು ಕ್ಲಾಸಿನ್ಯಾಗ ನಿದ್ದಿ ಮಾಡ್ತಾಳ ಅಂತ. ನಾ ಬಿಸಿಲಾಗ ಇಟ್ಟಂಗಿ ಹೊರೋದು, ಇಕಿ ಇಲ್ಲಿ ನಿದ್ದಿ ಮಾಡೋದು! ಹೊಡದೂ ನೋಡಿದೆ. ಈಗ ಹೊಲಿಗಿ ಕೆಲಸಕ್ಕ ಹಚ್ಚೀನಿ."

"ಸೋಮವಾರ ಪರೀಕ್ಷೆ ಅರ್ಜಿಗೆ ಕೊನೇ ದಿನ! ನಾಲ್ಕು ದಿನ ಅಷ್ಟೇ ಇರೋದು..."

ಅವನು ಕಾಯಲಿಲ್ಲ.

ಆ ಮಧ್ಯಾಹ್ನ ಮುಖ್ಯೋಪಾಧ್ಯಾಯ ಅಂಜನಮೂರ್ತಿಯವರ ಎದುರಿಗೇ ನಾಗರತ್ನಾ ಭೀಮೇಶನ ಮೇಲೆ ಸಿಡಿದಳು. "ನಿಮ್ಮ ಮಷಿನ್ನು ಒಂದು ಹುಡುಗೀನ ತಿಂದ್ ಹಾಕ್ತು! ಮನುಷ್ಯರೇನ್ರೀ ನೀವು?"

ಭೀಮೇಶ್ ಬಾಯಿ ತೆರೆದ. ಅಂಜನಮೂರ್ತಿಯವರತ್ತ ನೋಡಿದ. ಮತ್ತೆ ಅವಳತ್ತ... ತಲೆ ತಗ್ಗಿತು.

"ತಪ್ಪು ನಮ್ದೇ ಸರ್. ಪಟ್ಟಿ ತಾನಾಗೇ ಹೋಗ್ಬಿಟ್ಟಿದೆ."

ಮಾರನೇ ದಿನವೇ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. 'ಆಗಲಿ' ಎಂದುಕೊಂಡಳು ನಾಗರತ್ನಾ. ಎದೆಯೊಳಗೆ ಏನೋ ಮುರಿದಂತಾಯಿತು, ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಶನಿವಾರ ಹೊಸ ಪಟ್ಟಿ ಬಂತು. ಈ ಸಲ ಒಂದೊಂದೇ ಹೆಸರು ನೋಡುತ್ತಾ ಕೆಳಗಿಳಿದಳು. ತುದಿಯಲ್ಲಿ 'ಹಿಂದಿನ ಒಪ್ಪಿಗೆಗಳು' ಎಂದಿತ್ತು. ಒತ್ತಿದಳು.

ವಿದ್ಯಾರ್ಥಿಗಳು: ಐವತ್ತೆರಡು. ಒಪ್ಪಿಗೆ ಕೊಟ್ಟವರು: ನಾಗರತ್ನಾ. ತೆಗೆದುಕೊಂಡ ಸಮಯ: ನಾಲ್ಕು ಸೆಕೆಂಡು.

ನಾಲ್ಕು ಶನಿವಾರವೂ ಹೀಗೇ.

ಅವಳಿಗೆ ನೆನಪಾಯಿತು... ಅರ್ಧ ದಿನದ ಶಾಲೆ, ಬಸ್ಸಿಗೆ ಅವಸರ, 'ಎಲ್ಲವೂ ಸರಿ' ಎನ್ನುವ ಒಂದೇ ಗುಂಡಿ. ಪ್ರಿಯದರ್ಶಿನಿಯ ಹೆಸರಿನ ಮುಂದೆ 'ನಿದ್ದೆ' ಎಂದಿತ್ತು. ಅವಳು ಓದಿರಲೇ ಇಲ್ಲ!

ಭೀಮೇಶನಿಗೆ ಫೋನ್ ಮಾಡಿದಳು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನಿಮ್ ಕೆಲಸ ಕಾಯಂ ಆಗಿಲ್ಲ ಅಂತ ನೀವೇ ಹೇಳಿದ್ರಿ..."

ಅವಳಿಗೆ ಅಳು ಬರಲಿಲ್ಲ. ಅಳುವ ಹಕ್ಕೂ ತನಗಿಲ್ಲ ಎನಿಸಿತು. ನಡೆದದ್ದನ್ನೆಲ್ಲ ಪತ್ರದಲ್ಲಿ ಬರೆದು ಅಂಜನಮೂರ್ತಿಯವರ ಕೈಗಿತ್ತಳು. ಅವರು ಎರಡು ಸಲ ಓದಿ, "ಸೋಮವಾರ ಕಮಿಟಿ ಮುಂದೆ ಬಾಮ್ಮ" ಎಂದಷ್ಟೇ ಹೇಳಿದರು.

ಭಾನುವಾರ ಟಿನ್ ಫ್ಯಾಕ್ಟರಿ ಹಿಂದಿನ ಗಲ್ಲಿಯಲ್ಲಿದ್ದ ಹಂಪಣ್ಣನ ಶೀಟಿನ ಕೋಣೆಗೆ ನಾಗರತ್ನಾ, ಭೀಮೇಶ್ ಇಬ್ಬರೂ ಹೋದರು. ಭೀಮೇಶ್ ಬಾಗಿಲಲ್ಲೇ ನಿಂತ. ಒಳಗೆ ಪ್ರಿಯದರ್ಶಿನಿ ಗೋಡೆಗೊರಗಿ ಕೂತಿದ್ದಳು. ಸೂಜಿ ಚುಚ್ಚಿದ ಬೆರಳಿಗೆ ಬಟ್ಟೆ ಚೂರು ಸುತ್ತಿತ್ತು.

"ಹಂಪಣ್ಣೋರೆ, ತಪ್ಪು ನಂದು. ಮಷಿನ್ ಕೇಳ್ತು, ನಾನು ನೋಡ್ದೇ ಹೂಂ ಅಂದೆ. ನಿಮ್ಮ ಮಗಳು ಒಂದು ದಿನಾನೂ ನಿದ್ದೆ ಮಾಡಿಲ್ಲ."

ಹಂಪಣ್ಣ ಸಿಮೆಂಟಿಗೆ ಬಿರಿದ ತನ್ನ ಅಂಗೈಯನ್ನೇ ನೋಡಿದ.

"ನಾ ಹೊಡದೀನಲ್ರಿ ಟೀಚರ್... ಅದನ್ನ ಹ್ಯಾಂಗ ವಾಪಸ್ ತಗೊಳ್ಳಿ?"

ನಾಗರತ್ನಾ ಹುಡುಗಿಯ ಪಕ್ಕ ಕೂತಳು.

"ಬಾ ಪುಟ್ಟಾ, ನಾಳೆ ಸ್ಕೂಲಿಗೆ..."

"ಬರಲ್ಲ ಮಿಸ್. ಆ ಕ್ಯಾಮೆರಾ ಮುಂದೆ ಕೂರಲ್ಲ." ಹುಡುಗಿ ತಲೆಯೆತ್ತಲಿಲ್ಲ. "ಕಣ್ಣು ಮುಚ್ಚೋಕೇ ಭಯ ಆಗುತ್ತೆ ಈಗ. ನಾನು ಕೇಳ್ತಿದ್ದೆ ಅಂತ ನಿಮಗೆ ಗೊತ್ತಿತ್ತಲ್ಲ ಮಿಸ್?"

"ಗೊತ್ತಿತ್ತು..." ನಾಗರತ್ನಾ ಅವಳ ಬಟ್ಟೆ ಸುತ್ತಿದ ಬೆರಳು ಹಿಡಿದಳು. "ಸ್ಕೂಲಿಗೆ ಬರ್ಬೇಡ. ದಿನಾ ಸಂಜೆ ನಾನೇ ಇಲ್ಲಿಗೆ ಬರ್ತೀನಿ. ನಾನೂ ಸಂಜೆ ಓದಿದವಳೇ. ಪರೀಕ್ಷೆ ಮಾತ್ರ ಬಿಡ್ಬೇಡ."

ಹುಡುಗಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹಂಪಣ್ಣ ಕೈ ಚಾಚಿದ.

"ಅರ್ಜಿ ತಂದೀರೇನು? ಒಂದೊಂದ ಸಾಲು ಓದಿ ಹೇಳ್ರಿ. ಆಮ್ಯಾಲ ಹೆಬ್ಬಟ್ಟು ಒತ್ತತೀನಿ."

ಅವಳು ಓದಿದಳು. ಪ್ರತಿ ಸಾಲೂ. ಗೋಡೆಯ ಬಳಿ ಪ್ರಿಯದರ್ಶಿನಿ ಕೇಳುತ್ತಿದ್ದಳು... ಕಣ್ಣು ತೆರೆದುಕೊಂಡೇ.

ಬಸ್ ನಿಲ್ದಾಣದಲ್ಲಿ ಧೂಳು, ಹಾರ್ನು, ಜನ.

"ನಾಳೆ ನಿಮ್ ಕೆಲಸ ಹೋದ್ರೆ?" ಭೀಮೇಶ್ ಕೇಳಿದ.

"ಹೋದ್ರೆ ಇಲ್ಲಿಗೆ ಬೇಗ ಬರಬಹುದು." ಅವಳು ಅವನತ್ತ ತಿರುಗಿದಳು. "ನೀವು ಸುಳ್ಳು ಹೇಳ್ಬಾರದಿತ್ತು. ಅದರಿಂದ ಎರಡು ದಿನ ಹೋಯ್ತು. ಆ ಎರಡು ದಿನಾನೂ ಅವಳು ಸೂಜಿ ಹಿಡಿದು ಕೂತಿದ್ಲು."

"ಹೌದು. ಅದು ನನ್ ತಪ್ಪು. ನಿಮ್ಮನ್ನ ಇಷ್ಟಪಡ್ತೀನಿ ಅನ್ನೋಕೆ ಧೈರ್ಯ ಇರ್ಲಿಲ್ಲ. ತಪ್ಪು ನಂದು ಅನ್ನೋದು ಸುಲಭ ಆಯ್ತು."

"ಈಗ ಹೇಳ್ಬಿಟ್ರಲ್ಲ?"

"ಹೇಳ್ಬಿಟ್ಟೆ... ನೀವೇನಂತೀರಿ?"

ಅವಳು ಅವನ ಮುಖವನ್ನೇ ನೋಡುತ್ತಾ ನಿಂತಳು. ಮೂರು ದಿನದ ಗಡ್ಡ, ನಿದ್ದೆಯಿಲ್ಲದ ಕಣ್ಣು, ತನ್ನಿಂದಾಗಿ ಬಂದ ಸೋಲಿನ ಕಳೆ. ಹಲಸೂರಿನ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು.

"ಇನ್ನೂ ಎಷ್ಟೊತ್ತು ನೋಡ್ತೀರಾ?"

"ಸುಮ್ನಿರಿ. ಅವಸರ ಮಾಡ್ಬೇಡಿ."

ಮೂರನೇ ಬಸ್ಸು ಬರುವ ಹೊತ್ತಿಗೆ ಅವಳು ಮೆಲ್ಲನೆ ಅವನ ಕೈ ಹಿಡಿದು ಹೇಳಿದಳು:

"ಹೂಂ."