ಗೇಣಗಲದ ಮೌನ

ರಾಯದುರ್ಗದ ಹೊರಗಿನ ರಿಪೇರಿ ಯಾರ್ಡಿನಲ್ಲಿ ಪರೀಕ್ಷಕಿಯಾಗಿ ಅದು ನನ್ನ ಮೊದಲ ದಿನ. ಗಾಳಿಯಂತ್ರದ ಹಳೆಯ ಬ್ಲೇಡಿಗೆ ಕಿವಿ ಹಚ್ಚಿ, ನಾಣ್ಯದಿಂದ ಬಡಿಯುತ್ತಿದ್ದೆ.

"ಏನ್ರಿ, ಕಥಿ ಹೇಳಾಕತ್ತೈತೇನು?" ಹಿಂದಿನಿಂದ, ಕಂಬ ಹತ್ತಿ ಬ್ಲೇಡ್ ಕೂರಿಸುವ ಉಮಾಮಹೇಶ್ವರ ಕೇಳಿದ.

"ಹೇಳ್ತೈತೆ ಕಣ್ರಿ. ನೀವು ಸುಮ್ಕಿದ್ರೆ ಕೇಳುಸ್ತೈತೆ."

ಅವನ ಕಣ್ಣಂಚು ನಕ್ಕಿತು, ತುಟಿ ನಗಲಿಲ್ಲ.

ಮಡಕಶಿರದ ನನ್ನಜ್ಜಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತಿದ್ದಳು. ಬಿರುಕಿದ್ದರೆ ಒಳಗೆ ಸತ್ತವರು ಪಿಸುಗುಡುತ್ತಾರೆ ಅನ್ನುತ್ತಿದ್ದಳು. ಬ್ಲೇಡಿನದೂ ಅದೇ ಲೆಕ್ಕ. ಎರಡು ಫೈಬರ್ ಪದರ, ನಡುವೆ ಹಗುರ ಫೋಮ್. ಮೂರೂ ಕೂಡಿದ್ದರೆ ದನಿ ಟಣ್ ಎನ್ನುತ್ತದೆ. ಬಾಗಿದ ಅಂಚಿನಲ್ಲಿ, ಹಿಂದೆ ತೇಪೆ ಹಾಕಿದ್ದ ಕಡೆ, ಒಂದು ಗೇಣಗಲ ಮಾತ್ರ ಮಂಕಾಗಿತ್ತು.

ಅಷ್ಟನ್ನು ಕತ್ತರಿಸಿ ಪರೀಕ್ಷಿಸೋಣವೆಂದರೆ ಉಮಾಮಹೇಶ್ವರ ಒಪ್ಪಲಿಲ್ಲ. ಆ ತೇಪೆ ಕೂರಿಸಿದವನು ಅವನ ಗೆಳೆಯ ಹನುಮೇಶ್. ಮರುವಾರವೇ ಬೈಕಿನಿಂದ ಬಿದ್ದು ತೀರಿಹೋಗಿದ್ದ. ಹಸಿ ಅಂಟಿಗೆ ತಗುಲಿದ ಅವನ ಹೆಬ್ಬೆರಳಿನ ಗುರುತು ಅಲ್ಲಿ ಉಳಿದಿತ್ತು. ಆಮೇಲಿನ ದಿನಗಳಲ್ಲಿ ಉಮಾಮಹೇಶ್ವರ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ನಿಲ್ಲುವುದನ್ನು ನಾನು ಕದ್ದು ನೋಡುತ್ತಿದ್ದೆ. ಗಾಳಿ ಬಂದರೆ ಬ್ಲೇಡಿನೊಳಗೆ ಯಾರೋ ಉಸಿರೆಳೆಯುತ್ತಿದ್ದರು. ಅವನು ನನ್ನತ್ತ ತಿರುಗಿದರೂ ಕಣ್ಣು ನನ್ನ ಹೆಗಲಾಚೆ ಇನ್ನಾರನ್ನೋ ಹುಡುಕುತ್ತಿತ್ತು. ಸತ್ತವನ ಮೇಲೆ ನನಗೆ ಹೊಟ್ಟೆಕಿಚ್ಚು.

ಸೋಮವಾರ ಬ್ಲೇಡ್ ಕಂಬಕ್ಕೇರಬೇಕಿತ್ತು.

"ಮುರುದ್ರೆ ಕೆಳಗೆ ಹೊಲದಾಗೆ ಜನ ಇರ್ತಾರೆ," ಎಂದೆ. "ಹಗ್ಗ ಕಟ್ಕೊಂಡು ಮೇಲಿರೋರು ನೀವು."

ಕೊನೆಗೆ ಅವನೇ ಗರಗಸ ಹಿಡಿದು ಆ ತುಂಡನ್ನು ಕತ್ತರಿಸಿದ.

ಕಮಾನಿನಂಥ ತುಂಡಿನ ಎರಡೂ ತುದಿ ಹಿಡಿದು, ಎಷ್ಟು ಭಾರ ತಾಳುತ್ತದೆಂದು ಅಳೆಯುವ ಯಂತ್ರ ನಿಧಾನಕ್ಕೆ ಅಗಲಿಸತೊಡಗಿತು. ತಡೆಯಬೇಕಾದ ಭಾರದ ಅರ್ಧವೂ ಆಗಿರಲಿಲ್ಲ, ಟಪ್ ಎಂದಿತು. ಹೊರಗೆ ಒಂದು ಗೆರೆಯೂ ಇಲ್ಲ. ಫೋಮ್ ಒಳಗಿಂದೊಳಗೇ ಪದರ ಬಿಟ್ಟಿತ್ತು. ಹೆಬ್ಬೆರಳಿನ ಗುರುತು ಹಾಗೇ ಇತ್ತು.

ಉಮಾಮಹೇಶ್ವರ ತುಂಡನ್ನು ಮಡಿಲಿಗೆ ತೆಗೆದುಕೊಂಡು ನೆಲದ ಮೇಲೆ ಕೂತ.

"ಅವನ ತಪ್ಪಲ್ರಿ. ಅಂಟು ಹಿಡಿಯೋಕಿಂತ ಮುಂಚೆ, ತೇಪೆ ಒತ್ತಿ ಹಿಡಿದಿದ್ದ ಕ್ಲಾಂಪ್ ಬಿಚ್ಚಿದಾಂವ ನಾನು. ಊರಿನ ಬಸ್ ತಪ್ಪತೈತಂತ. ಅವಗ ಹೇಳಬೇಕಂದೆ, ಅಷ್ಟ್ರಾಗ ಅವ ಇರಲಿಲ್ಲ."

ಯಾರಿಗೂ ಹೇಳದ್ದನ್ನು ನನಗೆ ಹೇಳಿದ್ದ. ನಾನು ಪಕ್ಕದಲ್ಲಿ ಕೂತು, ಬೆರಳ ಗೆಣ್ಣಿನಿಂದ ಅವನ ಎದೆಯನ್ನು ಮೆಲ್ಲಗೆ ಬಡಿದು ಕಿವಿಯಿಟ್ಟೆ.

"ಏನ್ ಕೇಳತೈತ್ರಿ, ಅಂಜನಾ?"

"ಒಂದು ಗೇಣು ಮಂಕಾಗೈತೆ."

"ಹಂಗಾರ ಬಿಸಾಕ್ತೀರೇನು?"

"ಇಲ್ಲ. ಹಿಡ್ಕೊಂಡು ಕೂರ್ತೀನಿ. ನಂಗ್ಯಾವ ಬಸ್ಸೂ ಇಲ್ಲ."

ಗಾಳಿ ಬಂತು. ಕತ್ತರಿಸಿದ ಕಿಂಡಿಯಲ್ಲಿ ಬ್ಲೇಡ್ ಉದ್ದಕ್ಕೆ ಉಸಿರು ಬಿಟ್ಟಿತು. ಅವನ ಕಣ್ಣು ನನ್ನ ಹೆಗಲಾಚೆ ಹೋಗಲಿಲ್ಲ.