ಹನ್ನೊಂದು ಬೆಳಗಿನ ಮಾತ್ರೆಗಳು

"ನಿಮ್ಮ ಹೊಟ್ಟೆಯಲ್ಲಿರೋದು ನನ್ನ ಕಿಡ್ನಿ. ಅದನ್ನ ಕೊಲ್ಲೋಕೆ ನಿಮಗೆ ಯಾರು ಅಧಿಕಾರ ಕೊಟ್ರು?"

ರಜೆಯ ದಿನ ಗಂಡನ ಅಂಗಡಿ ಗುಡಿಸಲು ಬಂದವಳು, ಕೈಗೆ ಸಿಕ್ಕ ಖಾಲಿ ಪೇಂಟ್ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮಾತ್ರೆಗಳು ಉರುಳಿದವು. ಹನ್ನೊಂದು.

ಬೋರ್ಡ್ ಬರೆಯುವ ಗಂಡ ಕುಂಚ ಹಿಡಿದೇ ಬಾಗಿಲ ಕಡೆ ನೋಡಿದ. ಕೂಗಬೇಡ, ಪಕ್ಕದ ಅಂಗಡಿಯವರಿಗೆ ಕೇಳುತ್ತೆ ಎಂದ.

"ಕೇಳ್ಲಿ. ದಿನಾ ಒಂಬತ್ತಕ್ಕೆ ಸ್ಕೂಲ್ ಗೇಟಿಂದ ಫೋನ್ ಮಾಡ್ತೀನಲ್ಲ, ನುಂಗಿದ್ರಾ ಅಂತ. ನುಂಗ್ದೆ ಅಂತೀರಲ್ಲ. ನಾಲಿಗೆ ಹೇಗೆ ಹೊರಳ್ತು ರೀ?"

ಇನ್ನೂ ಬೈಯಬೇಕಿತ್ತು. ಆದರೆ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು. ಕೋಪ ಇರುವಷ್ಟು ಹೊತ್ತು ಪರವಾಗಿಲ್ಲ. ಅದು ಇಳಿದರೆ ಅಡಿಯಲ್ಲಿ ಬರೀ ಭಯ...

ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಅವಳು ಶಾಲೆಯ ವ್ಯಾನ್ ಓಡಿಸುವವಳು, ಎಂಥ ಲಾರಿಗೂ ಬೆದರಿದವಳಲ್ಲ. ಈಗ ಅವನು ಒಂದು ಸೀನು ಸೀನಿದರೆ ಥರ್ಮಾಮೀಟರ್ ಹುಡುಕುತ್ತಿದ್ದಳು. ಬೆಳಿಗ್ಗೆ ಎದ್ದೊಡನೆ ಅವನ ಪಾದ ಒತ್ತಿ ನೋಡುವಳು, ಊದಿದೆಯೇನೋ ಎಂದು. ನೆಗಡಿ ಹಿಡಿದಿದ್ದ ಸ್ವಂತ ಅಣ್ಣನನ್ನೂ ಹೊಸ್ತಿಲಾಚೆಯೇ ನಿಲ್ಲಿಸಿ, ಮಾತಾಡಿಸಿ ಕಳಿಸಿದ್ದಳು.

ಮಾತ್ರೆ ತಪ್ಪಿದರೆ ಮೈ ಆ ಕಿಡ್ನಿಯನ್ನು ಹೊರಗಿನದೆಂದು ತಿಳಿದು ತಿರುಗಿ ಬೀಳುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ರಾತ್ರಿಯದನ್ನು ಅವಳೆದುರು ನುಂಗುತ್ತಿದ್ದವನು, ಬೆಳಗಿನದನ್ನು ಹನ್ನೊಂದು ದಿನ ತಪ್ಪಿಸಿದ್ದ.

"ಯಾಕೆ?"

ಅವನು ಕೈ ಚಾಚಿ ತೋರಿಸಿದ. "ಅದನ್ನ ನುಂಗಿದ್ರೆ ನಡುಗತ್ತೆ. ಗೆರೆ ನಿಲ್ಲಲ್ಲ."

ಆಮೇಲೆ ಹೊರಗೆ ನಿಂತಿದ್ದ ವ್ಯಾನಿನ ಕಡೆ ನೋಡಿದ. ಹೊಸ ಬಣ್ಣ ಹೊಡೆಸಿ ಎರಡು ವಾರವಾಗಿತ್ತು. ಹಿಂಭಾಗ ಅಕ್ಷರವಿಲ್ಲದೆ ಬೋಳಾಗಿತ್ತು. ಅವಳು ಸ್ಟಿಕರ್ ಅಂಟಿಸೋಣ ಅಂದಿದ್ದಕ್ಕೆ, ನನ್ನ ಹೆಂಡತಿ ಗಾಡಿಗೆ ಬೇರೆಯವರ ಕೈ ಬೇಡ ಅಂದಿದ್ದ. ಆಮೇಲೆ ಮಾತ್ರೆ ಬಿಟ್ಟು, ಗುಟ್ಟಾಗಿ ದಿನಾ ಹಳೇ ಬೋರ್ಡಿನ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದ.

ಅವರಿಬ್ಬರ ಪರಿಚಯವಾದದ್ದೇ ಆ ಗಾಡಿಯ ಬೆನ್ನ ಹಿಂದೆ. ಹದಿನಾಲ್ಕು ವರ್ಷದ ಹಿಂದೆ 'ಶಾಲಾ ವಾಹನ' ಅಂತ ಬರೆಯಲು ಬಂದವನನ್ನು, ಮೊದಲಕ್ಷರವೇ ಸೊಟ್ಟ ಅಂತ ಬೀದಿಯಲ್ಲೇ ಜಾಡಿಸಿದ್ದಳು. ಮೂರು ಸಲ ಅಳಿಸಿ ಬರೆದ. ನಾಲ್ಕನೇ ಸಲ ಬೇಕಂತಲೇ ಸೊಟ್ಟ ಬರೆದು, ನಾಳೆ ಮತ್ತೆ ಬರ್ತೀನಿ ಅಂದಿದ್ದ ಕಳ್ಳ.

"ನೀನು ಮೈ ಕೊಯ್ಸಿಕೊಂಡು ಕೊಟ್ಟೆ," ಅವನು ಕುಂಚ ಕೆಳಗಿಟ್ಟ. "ನಿಂಗೆ ಕೊಡೋಕೆ ನನ್ನ ಹತ್ರ ಇದ್ದಿದ್ದು ಈ ಕೈಯೊಂದೇ... ಅದೂ ಹೋದ್ರೆ?"

"ನಿಮ್ಮ ಕೈಯೊಂದನ್ನ ಕಟ್ಕೊಂಡು ನಾನೇನ್ ಮಾಡ್ಲಿ? ನಂಗೆ ನೀವು ಬೇಕು. ಗಾಡಿ ಹತ್ತಿ."

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ರಿಪೋರ್ಟಿಗೆ ನಾಲ್ಕು ಗಂಟೆ ಕಾಯಬೇಕಿತ್ತು. ಬೆಂಚಿನ ಮೇಲೆ ಅವಳು ತನ್ನ ಪಕ್ಕೆಯ ಹೊಲಿಗೆಯ ಗುರುತನ್ನು ಸೆರಗಿನೊಳಗೇ ಒತ್ತಿ ಹಿಡಿದು ಕೂತಳು. 'ಬದುಕು ಮಾರಾಯ, ಅವರ ಮೈಯಲ್ಲಿ ಬದುಕು' ಅಂತ ಅಲ್ಲಿಲ್ಲದ ಕಿಡ್ನಿಯನ್ನು ಬೇಡಿಕೊಂಡಳು.

ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ ಅಂಕಿ ಮೇಲಕ್ಕೆ ಹೋಗಿತ್ತು. ಮೂರು ದಿನ ಡ್ರಿಪ್ ಹಾಕಿದರು. ಕೈ ನಡುಗುತ್ತೆ ಅಂತ ಮೊದಲೇ ಬಾಯಿ ಬಿಟ್ಟಿದ್ದರೆ ಏನಾದರೂ ದಾರಿ ನೋಡಬಹುದಿತ್ತು, ಈಗ ಮಾತ್ರೆಯ ಪ್ರಮಾಣ ಇಳಿಸುವ ಮಾತೇ ಇಲ್ಲ ಎಂದು ಡಾಕ್ಟರಮ್ಮ ಇಬ್ಬರಿಗೂ ಸೇರಿಸಿ ಬೈದರು. ನಾಲ್ಕನೇ ದಿನ ಅಂಕಿ ಇಳಿಯತೊಡಗಿತು. ಹಳೆಯ ಮಟ್ಟಕ್ಕೆ ಬರುತ್ತೋ ಇಲ್ಲವೋ ಈಗಲೇ ಹೇಳಲಾಗದು ಎಂದರು.

ಮುಂದಿನ ರಜೆಯ ದಿನ, ಒಂಬತ್ತು ಗಂಟೆಗೆ ಅವಳೆದುರೇ ಮಾತ್ರೆ ನುಂಗಿ, ಮಗುವಿನ ಹಾಗೆ ಬಾಯಿ ತೆರೆದು ತೋರಿಸಿದ. ಕೈ ನಡುಗಲು ಶುರುವಾಗುವ ತನಕ ಕಾದು ಕೂತ. ಆಮೇಲೆ ಕುಂಚ ಹಿಡಿದು ವ್ಯಾನಿನ ಹಿಂದೆ ನಿಂತ.

ಅಕ್ಷರಗಳು ನೀರಿನಲ್ಲಿ ಕಂಡ ಹಾಗೆ ಅಲುಗಾಡಿದವು.

"ಮೊದಲಕ್ಷರ ಸೊಟ್ಟ. ಬೈಯಲ್ವಾ ಡ್ರೈವರಮ್ಮ?"

"ಓದೋಕೆ ಬರತ್ತೆ. ಸಾಕು." ಅವಳು ಮುಖ ತಿರುಗಿಸಿದಳು.

ಅವನು ಒಳಗೆ ಹೋಗಿ ಕುಂಚ ತೊಳೆದಿಟ್ಟು, ಅಂಗಡಿಗೆ ಬೀಗ ಹಾಕಿದ. ಇನ್ನು ಬೋರ್ಡ್ ಬರೆಯಲ್ಲ, ಮಾಲೀಕರಿಗೆ ಕೊಟ್ಬಿಡಿ ಅಂತ ಬೀಗದ ಕೈಯನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟ. ತಿರುಗಿ ನೋಡದೆ ಅಂಗಡಿಯ ಮೆಟ್ಟಿಲಿಳಿದು ಬಂದ. ಆ ಮೆಟ್ಟಿಲನ್ನು ಅವನು ಮತ್ತೆ ಹತ್ತಲಿಲ್ಲ.

ವ್ಯಾನಿನಲ್ಲಿ ಅವಳು ಕೀಲಿ ತಿರುಗಿಸದೆ ಕೂತೇ ಇದ್ದಳು.

"ಹೆದರಿಕೆ ಆಗಲ್ವೇನ್ರೀ?"

"ಆಗತ್ತೆ... ನಿಂಗೆ?"

"ದಿನಾ."

ನಡುಗುವ ಕೈಯನ್ನು ಅವಳ ಕೈಮೇಲಿಟ್ಟ. "ಹಾಗಾದ್ರೆ ಇನ್ಮೇಲೆ ಒಟ್ಟಿಗೇ ಹೆದರೋಣ. ಗಾಡಿ ತೆಗಿ."